ಗೋರಿಸ್: ಕವಲುದಾರಿಯ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋರಿಸ್ ಎಲ್ಲಿದೆ?

ಅರ್ಮೇನಿಯಾದ ನಕ್ಷೆ ನೋಡಿದರೆ ಕೆಳಗಡೆ ಬಾಲದ ಹಾಗೆ ಸಣ್ಣಗಾಗುತ್ತಾ ಇಳಿಯುವ ಒಂದು ಭಾಗ ಕಾಣುತ್ತದೆ. ಅದೇ ಸ್ಯೂನಿಕ್ ಪ್ರಾಂತ್ಯ. ಅದರ ಪೂರ್ವಕ್ಕೆ ಅಜರ್‌ಬೈಜಾನ್. ಪಶ್ಚಿಮಕ್ಕೆ ನಖಿಚೆವಾನ್, ಅದೂ ಅಜರ್‌ಬೈಜಾನಿನದೇ. ದಕ್ಷಿಣಕ್ಕೆ ಅರಾಸ್ ನದಿ, ಅದರಾಚೆ ಇರಾನ್. ಈ ಬಾಲದ ಬುಡದಲ್ಲಿ, ಪೂರ್ವದ ಗಡಿಗೆ ಹತ್ತಿರವಾಗಿ ಗೋರಿಸ್ ಇದೆ. ರಾಜಧಾನಿ ಯೆರೆವಾನ್‌ನಿಂದ ರಸ್ತೆಯಲ್ಲಿ ಸುಮಾರು 240 ಕಿ.ಮೀ. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರ.

ಊರು ಬಟ್ಟಲಿನ ತಳದಲ್ಲಿ ಕೂತ ಹಾಗಿದೆ. ಸುತ್ತ ಬೆಟ್ಟ, ನಡುವೆ ಗೋರಿಸ್ ಹೊಳೆ. ಈ ಹೊಳೆಗೆ ವರರಾಕ್ ಅಂತಲೂ ಹೆಸರಿದೆ. ದೊಡ್ಡ ಹೊಳೆಯೇನಲ್ಲ. ಕೆಳಗೆ ಹರಿದು ವೊರೊತಾನ್ ನದಿಯನ್ನು ಸೇರುತ್ತದೆ.

ಇಷ್ಟು ಗೊತ್ತಿದ್ದರೆ ಸಾಲದು, ಇನ್ನೊಂದು ಮಾತಿದೆ. ಯೆರೆವಾನ್‌ನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ದಕ್ಷಿಣಕ್ಕೆ ಇಳಿದು ಕಪಾನ್, ಮೆಘ್ರಿ ದಾಟಿ ಇರಾನಿಗೆ ಹೋಗುತ್ತದೆ. ಇನ್ನೊಂದು ಪೂರ್ವಕ್ಕೆ ತಿರುಗಿ ಲಾಚಿನ್ ಮೂಲಕ ಗಡಿಯಾಚೆಯ ಕರಬಾಖ್ ಕಡೆಗೆ. ಗೋರಿಸ್‌ನ ಚರಿತ್ರೆಯಲ್ಲಿ ಬಂದ ಕಷ್ಟ ಸುಖ ಹೆಚ್ಚಿನದೆಲ್ಲ ಈ ಎರಡು ದಾರಿಗಳಿಂದಲೇ ಬಂದಿದ್ದು. ಕೆಳಗಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಊರು ಎಷ್ಟು ದೊಡ್ಡದು?

ಚಿಕ್ಕದು. 2011ರ ಜನಗಣತಿಯಲ್ಲಿ 20 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಜನ ಇದ್ದರು. ಆದರೂ ಸ್ಯೂನಿಕ್‌ನಲ್ಲಿ ಕಪಾನ್ ಬಿಟ್ಟರೆ ಇದೇ ದೊಡ್ಡ ಊರು. ವೆರಿಶೆನ್, ಅಕ್ನೆರ್, ಕರಹುಂಜ್, ಖ್ನ್‌ಜೋರೆಸ್ಕ್, ಶುರ್ನುಖ್ ಮುಂತಾದ ಸುತ್ತಲಿನ ಹಳ್ಳಿಗಳು ಇದರ ಆಡಳಿತಕ್ಕೇ ಸೇರಿವೆ.

ಫೋಟೋಗಳಲ್ಲಿ ಕಾಣುವ ಆ ಚೂಪು ಕಲ್ಲುಗಂಬಗಳನ್ನು ಯಾರು ಕಟ್ಟಿದರು?

ಯಾರೂ ಕಟ್ಟಿಲ್ಲ. ಮಳೆ, ಗಾಳಿ, ಹಿಮ ಕೆತ್ತಿದ್ದು.

ಸ್ಯೂನಿಕ್‌ನ ಎತ್ತರದ ಪ್ರದೇಶವೆಲ್ಲ ಹಳೇ ಜ್ವಾಲಾಮುಖಿಗಳ ನಾಡು. ಲಕ್ಷಾಂತರ ವರ್ಷಗಳ ಹಿಂದೆ ಅವು ಉಗುಳಿದ ಬೂದಿ, ಕಲ್ಲಿನ ಚೂರು, ಗುಂಡು ಎಲ್ಲ ಸೇರಿ ಪದರ ಪದರವಾಗಿ ಕೂತವು. ಕಾಲ ಕಳೆದ ಹಾಗೆ ಗಟ್ಟಿಯಾದವು. ಗಟ್ಟಿ ಅಂದರೆ ಕಗ್ಗಲ್ಲಿನಷ್ಟಲ್ಲ. ನೀರು ಹರಿದರೆ ಸವೆಯುವಷ್ಟು ಮೆದು, ನಿಂತರೆ ಬೀಳದಷ್ಟು ಗಟ್ಟಿ. ಪದರದ ಮೇಲೆ ದೊಡ್ಡ ಬಂಡೆ ಇದ್ದ ಕಡೆ ಅದು ಕೊಡೆ ಹಿಡಿದ ಹಾಗೆ ಕೆಳಗಿನ ಮಣ್ಣುಕಲ್ಲನ್ನು ಕಾಪಾಡಿತು. ಸುತ್ತಲಿನದು ಕೊಚ್ಚಿಹೋಯಿತು. ಉಳಿದದ್ದು ಕಂಬವಾಯಿತು. ತಲೆಯ ಮೇಲಿನ ಬಂಡೆ ಬಿದ್ದುಹೋದರೆ ಆ ಕಂಬ ನಿಧಾನಕ್ಕೆ ಚೂಪಾಗಿ, ಕೊನೆಗೆ ಇಲ್ಲವಾಗುತ್ತದೆ. ಅಂದರೆ ಈ ಕೆತ್ತನೆ ಇನ್ನೂ ಮುಗಿದಿಲ್ಲ.

ಹೊಳೆಯ ಪೂರ್ವದಂಡೆಯ ಇಳಿಜಾರಿನಲ್ಲಿ ಇವು ಗುಂಪುಗುಂಪಾಗಿ ನಿಂತಿವೆ. ಸಂಜೆ ಬಿಸಿಲಲ್ಲಿ ಕೊಂಚ ಹಳದಿಯಾಗಿ ಕಾಣುತ್ತವೆ, ಮಂಜಿನಲ್ಲಿ ಜನ ನಿಂತ ಹಾಗೆ ಕಾಣುತ್ತವೆ. ಸುಮ್ನೆ ಪ್ರವಾಸಿಗಳಿಗಾಗಿ ಹೇಳುವ ಮಾತಲ್ಲ ಇದು, ಮಂಜು ಇಲ್ಲಿ ನಿಜಕ್ಕೂ ಜಾಸ್ತಿ.

ಜನ ನಿಜವಾಗಿಯೂ ಅಲ್ಲಿ ಗುಹೆಗಳಲ್ಲಿ ಇದ್ದರಾ?

ಇದ್ದರು. ಆದರೆ ಗುಹೆ ಅಂದ ತಕ್ಷಣ ಆದಿಮಾನವನನ್ನು ನೆನಪಿಸಿಕೊಳ್ಳಬೇಡಿ.

ಈ ಕಲ್ಲು ಮೆದು ಅಂದೆನಲ್ಲ, ಹಾಗಾಗಿ ಕೈ ಉಪಕರಣದಿಂದಲೇ ಕೊರೆಯಬಹುದು. ಹಳೇ ಗೋರಿಸ್‌ನವರು ಬೆಟ್ಟದೊಳಕ್ಕೆ ಕೋಣೆ ಕೊರೆದರು. ಗೋಡೆಯಲ್ಲೇ ಗೂಡು, ಒಲೆಯ ಜಾಗ, ಕಾಳು ಇಡುವ ಗುಣಿ ಮಾಡಿಕೊಂಡರು. ಕೆಲವರು ಗುಹೆಯ ಮುಂದಕ್ಕೆ ಕಲ್ಲಿನ ಗೋಡೆ ಕಟ್ಟಿ ಮನೆಯನ್ನು ಹೊರಕ್ಕೂ ಬೆಳೆಸಿದರು. ಒಂದು ಮನೆಯ ಸೂರು ಮೇಲಿನ ಮನೆಯ ಅಂಗಳ. ಕಟ್ಟುವುದಕ್ಕೆ ಮರ ಬೇಡ. ಒಳಗೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ದಾರಿಯಲ್ಲಿ ದಂಡು ಬರುವುದು ದೂರದಿಂದಲೇ ಕಾಣುತ್ತಿತ್ತು. ಕವಲುದಾರಿಯಲ್ಲಿ ಮನೆ ಮಾಡಿದವರಿಗೆ ಇದು ಸಣ್ಣ ಅನುಕೂಲವಲ್ಲ, ಅಲ್ವಾ?

ಜನ ಕೆಳಗಿನ ಊರಿಗೆ ಇಳಿದ ಮೇಲೂ ಗುಹೆಗಳು ಖಾಲಿ ಬೀಳಲಿಲ್ಲ. ದನದ ಕೊಟ್ಟಿಗೆ, ಉಗ್ರಾಣ ಆದವು. ಹಳೇ ಊರಿನ ಕಡೆ ಸಂತ ಹ್ರಿಪ್ಸಿಮೆಯ ಹೆಸರಿನ ಪುಟ್ಟ ಹಳೇ ಚರ್ಚು ಇವತ್ತಿಗೂ ಇದೆ.

ಹಾಗಾದರೆ ಈಗಿನ ಊರು ಯಾವಾಗ ಹುಟ್ಟಿತು? ಬೀದಿಗಳು ಇಷ್ಟೊಂದು ನೇರ ಯಾಕೆ?

ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ಊರು, ಅದಕ್ಕೆ.

19ನೇ ಶತಮಾನದ ಶುರುವಿನವರೆಗೆ ಈ ಕಡೆ ಪರ್ಷಿಯಾದ ಅಧಿಕಾರ ಇತ್ತು. ಕರಬಾಖ್‌ನ ಖಾನ್ 1805ರಲ್ಲಿ ರಷ್ಯಾಕ್ಕೆ ಅಧೀನನಾದ. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಪರ್ಷಿಯಾ ಕೂಡ ಅದನ್ನು ಒಪ್ಪಿಕೊಂಡಿತು. 1868ರಲ್ಲಿ ರಷ್ಯನ್ನರು ಎಲಿಜವೆತ್ಪೋಲ್ ಅನ್ನುವ ದೊಡ್ಡ ಪ್ರಾಂತ್ಯ ಮಾಡಿ, ಅದರೊಳಗೆ ಜಂಗೆಜೂರ್ ಜಿಲ್ಲೆ ಮಾಡಿದರು. ಜಂಗೆಜೂರ್ ಅಂದರೆ ಹೆಚ್ಚುಕಡಿಮೆ ಈಗಿನ ಸ್ಯೂನಿಕ್. ಆ ಜಿಲ್ಲೆಗೆ ಗೋರಿಸ್ ಕೇಂದ್ರವಾಯಿತು. ಕೇಂದ್ರ ಅಂದ ಮೇಲೆ ಕಚೇರಿ, ಅಧಿಕಾರಿಗಳು, ಅಂಚೆ, ವ್ಯಾಪಾರಿಗಳು ಎಲ್ಲ ಬರಬೇಕಲ್ಲ. ಅವರನ್ನೆಲ್ಲ ಬೆಟ್ಟದ ಗುಹೆಗಳಲ್ಲಿ ಕೂರಿಸುವುದಕ್ಕೆ ಆಗುತ್ತದಾ? ಹಾಗಾಗಿ 1870ರಲ್ಲಿ ಹೊಳೆಯ ಪಶ್ಚಿಮದ ಸಮತಟ್ಟು ಜಾಗದಲ್ಲಿ ಹೊಸ ಊರು ಶುರುವಾಯಿತು. ನಕ್ಷೆ ಮಾಡಿದ್ದು ಒಬ್ಬ ಜರ್ಮನ್ ವಾಸ್ತುಶಿಲ್ಪಿ ಅಂತ ಊರಲ್ಲಿ ಹೇಳುತ್ತಾರೆ.

ಚದುರಂಗದ ಹಾಸಿನ ಹಾಗೆ ಬೀದಿಗಳು ಒಂದನ್ನೊಂದು ಅಡ್ಡಹಾಯುತ್ತವೆ. ಎರಡಂತಸ್ತಿನ ಕಲ್ಲಿನ ಮನೆಗಳು, ಕಮಾನಿನ ಬಾಗಿಲು, ಮರದ ಬಾಲ್ಕನಿ, ಹಿಂದೆ ಹಣ್ಣಿನ ಮರದ ಹಿತ್ತಲು. ಸಂತ ಗ್ರಿಗೋರ್ ಚರ್ಚನ್ನು ಕಟ್ಟಿದ್ದು 1897ರಿಂದ 1904ರ ನಡುವೆ. ನನ್ನನ್ನು ಕೇಳಿದರೆ ಗೋರಿಸ್‌ನ ನಿಜವಾದ ಸೊಗಸು ಕಂಬಗಳಲ್ಲಿ ಮಾತ್ರ ಇಲ್ಲ. ಅಂಕೆಯಿಲ್ಲದ ಬೆಟ್ಟದ ಕೆಳಗೆ ಇಷ್ಟೊಂದು ಅಂಕೆಯ ಬೀದಿಗಳಿವೆಯಲ್ಲ, ಆ ಜೋಡಿಯಲ್ಲಿದೆ. ಹೊಳೆಯ ಆಚೆ ಒಂದು ಊರು, ಈಚೆ ಒಂದು ಊರು. ಜನ ಮಾತ್ರ ಅವರೇ.

ಗೋರಿಸ್, ಕ್ಯೋರೆಸ್, ಗೆರೂಸಿ: ಮೂರೂ ಒಂದೇನಾ?

ಒಂದೇ. ಕ್ಯೋರೆಸ್ ಅನ್ನುವುದು ಊರಿನವರ ಆಡುಮಾತು. ಈಗ ಆ ಹೆಸರು ಹೆಚ್ಚಾಗಿ ಹಳೇ ಗುಹೆ ಊರಿಗೆ ನಿಂತಿದೆ. ಗೆರೂಸಿ ರಷ್ಯನ್ ದಾಖಲೆಗಳಲ್ಲಿ ಬರೆದದ್ದು. ಗೋರಿಸ್ ಇವತ್ತಿನ ಅಧಿಕೃತ ಹೆಸರು.

ಗೋರಿಸ್ ಒಮ್ಮೆ ಒಂದು ದೇಶದ ರಾಜಧಾನಿಯಾಗಿತ್ತಂತೆ, ಹೌದಾ?

ಹೌದು. ಮೂರು ತಿಂಗಳೂ ಪೂರ್ತಿ ಆಗಲಿಲ್ಲ ಅಷ್ಟೇ.

1917ರಲ್ಲಿ ರಷ್ಯಾದ ಸಾಮ್ರಾಜ್ಯ ಕುಸಿಯಿತು. ಅದರ ಬೆನ್ನಿಗೇ ಅರ್ಮೇನಿಯಾ, ಅಜರ್‌ಬೈಜಾನ್ ಎರಡೂ ಹೊಸ ದೇಶಗಳಾದವು, ಎರಡೂ ಜಂಗೆಜೂರ್ ನಮ್ಮದು ಅಂದವು. 1918ರಲ್ಲಿ ಪ್ರಸಿದ್ಧ ದಂಡನಾಯಕ ಆಂದ್ರಾನಿಕ್ ಓಜಾನ್ಯನ್ ತನ್ನ ಪಡೆ ಮತ್ತು ಸಾವಿರಾರು ನಿರಾಶ್ರಿತರ ಜೊತೆ ಇಲ್ಲಿಗೆ ಬಂದ. ಗೋರಿಸ್‌ನಲ್ಲಿ ಬಿಡಾರ ಹೂಡಿದ. ಆ ವರ್ಷದ ಕೊನೆಗೆ ಪೂರ್ವದ ದಾರಿ ಹಿಡಿದು ಕರಬಾಖ್‌ನ ಶುಶಿಗೆ ಹೊರಟ. ಅರ್ಧ ದಾರಿಯಲ್ಲಿ ಬ್ರಿಟಿಷರ ಸಂದೇಶ ಬಂತು: ಮಹಾಯುದ್ಧ ಮುಗಿದಿದೆ, ನಿಲ್ಲಿಸಿ, ಉಳಿದದ್ದು ಶಾಂತಿ ಸಮ್ಮೇಳನದಲ್ಲಿ ಆಗುತ್ತದೆ. ಆಂದ್ರಾನಿಕ್ ಮಾತು ಕೇಳಿ ಹಿಂತಿರುಗಿದ. ಆವತ್ತು ಅವನು ತಿರುಗದೇ ಇದ್ದಿದ್ದರೆ ಅನ್ನುವ ಚರ್ಚೆ ಅರ್ಮೇನಿಯನ್ನರಲ್ಲಿ ಇವತ್ತಿಗೂ ಮುಗಿದಿಲ್ಲ.

ಆಮೇಲೆ ಬಂದವನು ಗರೆಗಿನ್ ನ್ಝ್ದೆ, ಅವನೂ ಅರ್ಮೇನಿಯನ್ ದಂಡನಾಯಕ. 1920ರ ಕೊನೆಗೆ ಯೆರೆವಾನ್‌ನಲ್ಲಿ ಬೊಲ್ಶೆವಿಕರು ಅಧಿಕಾರ ಹಿಡಿದರು. ಜಂಗೆಜೂರ್ ಮಾತ್ರ ಬಗ್ಗಲಿಲ್ಲ. ಸೋವಿಯತ್ ಆಡಳಿತ ಇದನ್ನು ಅಜರ್‌ಬೈಜಾನಿಗೆ ಕೊಟ್ಟುಬಿಟ್ಟರೆ ಏನು ಗತಿ ಅನ್ನುವ ಭಯ ಜನರಿಗಿತ್ತು. 1921ರ ಏಪ್ರಿಲ್ 26ರಂದು ತಾತೆವ್ ಮಠದಲ್ಲಿ ಸಭೆ ಸೇರಿ ಪರ್ವತ ಅರ್ಮೇನಿಯಾ ಗಣರಾಜ್ಯ ಅಂತ ಘೋಷಿಸಿದರು. ಗೋರಿಸ್ ಅದರ ರಾಜಧಾನಿ. ಜುಲೈ ಹೊತ್ತಿಗೆ ಕೆಂಪು ಸೇನೆ ಬಂತು, ನ್ಝ್ದೆ ಅರಾಸ್ ದಾಟಿ ಪರ್ಷಿಯಾಕ್ಕೆ ಹೋದ. ಗಣರಾಜ್ಯ ಮುಗಿಯಿತು. ಆದರೆ ಜಂಗೆಜೂರ್ ಸೋವಿಯತ್ ಅರ್ಮೇನಿಯಾದಲ್ಲೇ ಉಳಿಯಿತು. ನಕ್ಷೆಯಲ್ಲಿ ಆ ಬಾಲ ಇವತ್ತು ಇರುವುದು ಆ ಹಟದಿಂದ ಅಂತ ಇಲ್ಲಿಯವರು ನಂಬುತ್ತಾರೆ.

ನ್ಝ್ದೆಯ ಮುಂದಿನ ಬದುಕು ಬೇರೆ ಕತೆ. ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿಯ ಜೊತೆ ಕೈಜೋಡಿಸಿದ. 1955ರಲ್ಲಿ ಸೋವಿಯತ್ ಸೆರೆಮನೆಯಲ್ಲಿ ಸತ್ತ. ಸ್ಯೂನಿಕ್‌ನಲ್ಲಿ ಅವನು ವೀರ. ಹೊರಗೆ ಅವನ ಪ್ರತಿಮೆ ನೋಡಿ ಹುಬ್ಬು ಗಂಟಿಕ್ಕುವವರೂ ಬೇಕಾದಷ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಪ್ರಾಂತ್ಯದ ಕೇಂದ್ರ ಕಪಾನ್ ಯಾಕಾಯಿತು?

ತಾಮ್ರ. ಕಪಾನ್‌ನ ನೆಲದಡಿ ಗಣಿ ಇತ್ತು. ಸೋವಿಯತ್ ಕಾಲದಲ್ಲಿ ಗಣಿಯ ಊರು ಬೆಳೆಯಿತು, ಕಚೇರಿಯ ಊರು ಇದ್ದಷ್ಟೇ ಇತ್ತು. 1995ರಲ್ಲಿ ಸ್ವತಂತ್ರ ಅರ್ಮೇನಿಯಾ ಹೊಸದಾಗಿ ಪ್ರಾಂತ್ಯಗಳನ್ನು ಮಾಡಿದಾಗ ಸ್ಯೂನಿಕ್‌ನ ಕೇಂದ್ರ ಕಪಾನ್‌ಗೆ ಹೋಯಿತು. ಗೋರಿಸ್‌ಗೆ ವಿಶ್ವವಿದ್ಯಾಲಯ, ನಾಟಕಶಾಲೆ, ಪ್ರವಾಸಿಗಳು ಉಳಿದರು.

ಆಕ್ಸೆಲ್ ಬಕೂಂತ್ಸ್ ಯಾರು? ಊರ ತುಂಬ ಆ ಹೆಸರು ಕೇಳುತ್ತದೆ.

ಊರಿನ ಮಗ. ಅರ್ಮೇನಿಯನ್ ಸಣ್ಣಕತೆಯಲ್ಲಿ ಬಹಳ ದೊಡ್ಡ ಹೆಸರು. ಹುಟ್ಟಿದ್ದು 1899ರಲ್ಲಿ, ಗೋರಿಸ್‌ನಲ್ಲೇ. ಓದಿದ್ದು ಕೃಷಿ ವಿಜ್ಞಾನ. 1920ರ ದಶಕದಲ್ಲಿ ಊರಿಗೆ ವಾಪಸ್ ಬಂದು ಜಂಗೆಜೂರ್‌ನ ಕೃಷಿ ಅಧಿಕಾರಿಯಾಗಿ ಹಳ್ಳಿ ಹಳ್ಳಿ ತಿರುಗಿದ. ಕತೆಗಳ ಕಾಡು, ಕಣಿವೆ, ಬಡ ರೈತರು ಎಲ್ಲ ಆ ತಿರುಗಾಟದಲ್ಲಿ ಸಿಕ್ಕಿದ್ದು. ಹಳೇ ಗೋರಿಸ್‌ನ ಅಂಗಡಿಕಾರರು, ಕುಡುಕರು, ಸಣ್ಣ ಅಧಿಕಾರಿಗಳ ಬಗ್ಗೆ ನಗುತ್ತಾ ಬರೆದ ಒಂದು ನೀಳ್ಗತೆಗೆ 'ಕ್ಯೋರೆಸ್' ಅಂತಲೇ ಹೆಸರಿಟ್ಟ. 1936ರಲ್ಲಿ ಸ್ಟಾಲಿನ್ ಕಾಲದ ಪೊಲೀಸರು ಹಿಡಿದುಕೊಂಡು ಹೋದರು. 1937ರಲ್ಲಿ ಗುಂಡಿಟ್ಟು ಕೊಂದರು. ಆಗ ಅವನಿಗೆ 38.

ಇಪ್ಪತ್ತು ವರ್ಷದ ಮೇಲೆ, 1957ರಲ್ಲಿ, ಅವನ ಮನೆಯನ್ನೇ ಮ್ಯೂಸಿಯಂ ಮಾಡಿದರು. ಅಂಗಳ, ಮೆಟ್ಟಿಲು, ಜಗಲಿ ಎಲ್ಲ ಗೋರಿಸ್‌ನ ಹಳೇ ಮನೆಗಳ ಹಾಗೇ ಇದೆ. ಕತೆ ಓದದವರೂ ಮನೆ ನೋಡುವುದಕ್ಕಾದರೂ ಒಳಗೆ ಹೋಗಬೇಕು.

ಕಾದಂಬರಿಕಾರ ಸೆರೊ ಖಂಜಾದ್ಯನ್ ಕೂಡ ಇದೇ ಊರಿನವರು. ಗುಸಾನ್ ಅಶೋತ್ ಕೂಡ. ಗುಸಾನ್ ಅಂದರೆ ತಾನೇ ಪದ ಕಟ್ಟಿ, ತಾನೇ ವಾದ್ಯ ನುಡಿಸಿ ಹಾಡುವ ಜನಪದ ಕವಿ. ಊರಿನ ನಾಟಕಶಾಲೆಯ ಮಾತು ಈಗ ಬರುತ್ತದೆ.

2023ರಲ್ಲಿ ಗೋರಿಸ್‌ನ ಹೆಸರು ಸುದ್ದಿಯಲ್ಲಿ ಬಂದದ್ದು ಯಾಕೆ?

ಪೂರ್ವದ ದಾರಿಯಿಂದ ಒಂದು ನಾಡಿಗೆ ನಾಡೇ ಎದ್ದು ಬಂತು, ಅದಕ್ಕೆ.

ಸ್ವಲ್ಪ ಹಿಂದಿನಿಂದ ಹೇಳಬೇಕು. ಸೋವಿಯತ್ ಕಾಲದಲ್ಲಿ ನಗೋರ್ನೊ ಕರಬಾಖ್ ಅಜರ್‌ಬೈಜಾನಿನ ಒಳಗಿತ್ತು, ಆದರೆ ಅಲ್ಲಿನ ಜನರಲ್ಲಿ ಹೆಚ್ಚಿನವರು ಅರ್ಮೇನಿಯನ್ನರು. ಸೋವಿಯತ್ ಒಕ್ಕೂಟ ಒಡೆಯುವ ಹೊತ್ತಿಗೆ ಯುದ್ಧ ಶುರುವಾಯಿತು. ಗಡಿಯ ಆಚೆಯಿಂದ ಗೋರಿಸ್ ಮೇಲೆ ಫಿರಂಗಿ ಗುಂಡು ಬಿತ್ತು. 1992ರ ಮೇ ತಿಂಗಳಲ್ಲಿ ಅರ್ಮೇನಿಯನ್ ಪಡೆಗಳು ಲಾಚಿನ್ ಹಿಡಿದ ಮೇಲೆ ಗೋರಿಸ್‌ನಿಂದ ಕರಬಾಖ್‌ನ ಮುಖ್ಯ ಊರಾದ ಸ್ತೆಪನಕೆರ್ತ್‌ಗೆ ದಾರಿ ತೆರೆಯಿತು. ಲಾಚಿನ್ ಸುತ್ತಲಿನ ಅಜರ್‌ಬೈಜಾನಿಗಳು, ಕುರ್ದರು ಆಗ ಮನೆ ಬಿಟ್ಟು ಓಡಬೇಕಾಯಿತು. ಅದನ್ನೂ ಮರೆಯಬಾರದು. ಮುಂದೆ ಸುಮಾರು 28 ವರ್ಷ ಕರಬಾಖ್‌ಗೆ ಹೋಗುವ ಅಕ್ಕಿ, ಹಿಟ್ಟು, ಔಷಧಿ, ನೆಂಟರು, ಪ್ರವಾಸಿಗಳಲ್ಲಿ ಬಹುಪಾಲು ಗೋರಿಸ್ ಮೇಲೇ ಹೋದದ್ದು.

2020ರ ಶರತ್ಕಾಲದಲ್ಲಿ 44 ದಿನದ ಯುದ್ಧ ನಡೆಯಿತು. ಅಜರ್‌ಬೈಜಾನ್ ಬಹಳಷ್ಟು ನೆಲ ವಾಪಸ್ ಪಡೆಯಿತು. ಉಳಿದದ್ದು ಲಾಚಿನ್‌ನ ಒಂದು ಕಿರಿದಾದ ದಾರಿ, ರಷ್ಯನ್ ಶಾಂತಿಪಡೆಯ ಕಾವಲಿನಲ್ಲಿ. 2022ರ ಡಿಸೆಂಬರ್ 12ರಿಂದ ಅದೂ ಕಟ್ಟಿಹೋಯಿತು. ಕರಬಾಖ್‌ನ ಅಂಗಡಿಗಳು ಖಾಲಿಯಾದವು. 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನ್ ದಾಳಿ ಮಾಡಿತು, ಮರುದಿನವೇ ಕರಬಾಖ್‌ನ ಪಡೆ ಶಸ್ತ್ರ ಕೆಳಗಿಟ್ಟಿತು. ಸೆಪ್ಟೆಂಬರ್ 24ರಿಂದ ಜನ ಬರತೊಡಗಿದರು.

ಲೆಕ್ಕ ನೀವೇ ಹಾಕಿ. ಸುಮಾರು 20 ಸಾವಿರ ಜನರ ಊರು. ಒಂದು ವಾರದ ಸುಮಾರಿಗೆ ಬಂದವರು 1 ಲಕ್ಷಕ್ಕಿಂತ ಜಾಸ್ತಿ. ಎಲ್ಲರೂ ಒಂದೇ ರಸ್ತೆಯಲ್ಲಿ, ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು, ಲಾರಿ, ಟ್ರ್ಯಾಕ್ಟರ್‌ಗಳಲ್ಲಿ. ಕೆಲವೇ ಗಂಟೆಯ ದಾರಿಗೆ ಒಂದು ದಿನಕ್ಕೂ ಜಾಸ್ತಿ ಹಿಡಿಯಿತು. ಮೊದಲು ಗಡಿಹಳ್ಳಿ ಕೊರ್ನಿಜೋರ್, ಆಮೇಲೆ ಗೋರಿಸ್. ಊರಿನ ನಾಟಕಶಾಲೆಯಲ್ಲಿ ಹೆಸರು ಬರೆಸುವ ವ್ಯವಸ್ಥೆ ಆಯಿತು. ಅದರ ಮುಂದಿನ ಚೌಕದಲ್ಲಿ ಜನ ಬಸ್ಸಿಗೆ, ಊಟಕ್ಕೆ, ಕಳೆದುಹೋದವರ ಸುದ್ದಿಗೆ ಕಾದರು. ಹೋಟೆಲು, ಮನೆ, ಪರಿಚಯವಿಲ್ಲದವರ ಪಡಸಾಲೆ, ಎಲ್ಲ ತುಂಬಿತು. ಹೆಚ್ಚಿನವರು ಒಂದೆರಡು ದಿನ ಇದ್ದು ಯೆರೆವಾನ್ ಕಡೆ ಹೋದರು. ಕೆಲವರು ಇಲ್ಲೇ ಉಳಿದರು.

ಈಗ ಗಡಿ ಎಷ್ಟು ಹತ್ತಿರ? ದಾರಿಗಳ ಗತಿ ಏನು?

ಬಹಳ ಹತ್ತಿರ. 2020ರ ಮೊದಲು ಗೋರಿಸ್‌ನ ಪೂರ್ವಕ್ಕೆ ಇದ್ದದ್ದು ಅರ್ಮೇನಿಯನ್ನರ ಕೈಯಲ್ಲಿದ್ದ ನೆಲ, ಆದ್ದರಿಂದ ಗಡಿ ಅನ್ನುವುದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ಗೋರಿಸ್–ಕಪಾನ್ ಹಳೇ ಹೆದ್ದಾರಿ ಸೋವಿಯತ್ ಕಾಲದ್ದು. ಎರಡೂ ಕಡೆ ಒಂದೇ ದೇಶವಿದ್ದಾಗ ಹಾಕಿದ್ದು, ಹಾಗಾಗಿ ಗಡಿಯ ಆಚೆ ಈಚೆ ಸುತ್ತಿಕೊಂಡು ಹೋಗುತ್ತದೆ. ಶುರ್ನುಖ್ ಹಳ್ಳಿಯಲ್ಲಿ ಆ ರಸ್ತೆಯೇ ಗೆರೆಯಾಯಿತು. 2021ರ ಶುರುವಿನಲ್ಲಿ ರಸ್ತೆಯ ಆಚೆಯ 12 ಮನೆಯವರು ಮನೆ ಬಿಟ್ಟು ಈಚೆ ಬರಬೇಕಾಯಿತು. ಅದೇ ವರ್ಷದ ಕೊನೆಗೆ ಅಜರ್‌ಬೈಜಾನ್ ಆ ರಸ್ತೆಯಲ್ಲಿ ಸುಂಕದ ಚೌಕಿ ಹಾಕಿತು. ಈಗ ದಕ್ಷಿಣಕ್ಕೆ ಹೋಗುವವರು ತಾತೆವ್ ಕಡೆಯಿಂದ ಬೆಟ್ಟ ಸುತ್ತುವ ಬೇರೆ ರಸ್ತೆ ಹಿಡಿಯುತ್ತಾರೆ. ಇರಾನಿನ ಲಾರಿಗಳೂ ಅದರಲ್ಲೇ.

2023ರಲ್ಲಿ ಬಂದ ಐರೋಪ್ಯ ಒಕ್ಕೂಟದ ಗಡಿ ವೀಕ್ಷಕರು ಗೋರಿಸ್‌ನಲ್ಲೂ ಠಾಣೆ ಮಾಡಿದರು.

ತಾತೆವ್ ಗೋರಿಸ್‌ನಲ್ಲೇ ಇದೆಯಾ?

ಇಲ್ಲ. ಹತ್ತಿರ ಇದೆ. ಆದರೆ ತಾತೆವ್ ನೋಡುವವರು ಗೋರಿಸ್‌ನಲ್ಲಿ ಉಳಿಯುವುದೇ ರೂಢಿ.

ತಾತೆವ್ ವೊರೊತಾನ್ ಕಣಿವೆಯ ಅಂಚಿನಲ್ಲಿರುವ 9ನೇ ಶತಮಾನದ ಮಠ. ಮುಖ್ಯ ಚರ್ಚು 895ರಿಂದ 906ರ ನಡುವೆ ಕಟ್ಟಿದ್ದು. ಅಂಗಳದಲ್ಲಿ ಸುಮಾರು 8 ಮೀಟರ್ ಎತ್ತರದ ಒಂದು ಕಂಬ ಇದೆ, ಹೆಸರು ಗವಜಾನ್. ತಳ್ಳಿದರೆ ಓಲಾಡಿ ಮತ್ತೆ ನೇರ ನಿಲ್ಲುತ್ತಿತ್ತಂತೆ. ನೆಲ ನಡುಗಿದರೆ ಮೊದಲು ತಿಳಿಯುತ್ತಿದ್ದದ್ದು ಅದಕ್ಕೇ. 14ನೇ ಶತಮಾನದ ಕೊನೆಗೆ ಇಲ್ಲಿ ದೊಡ್ಡ ವಿದ್ಯಾಪೀಠ ಇತ್ತು, ಗ್ರಿಗೋರ್ ತಾತೆವಾತ್ಸಿ ಅದರ ಹೆಸರಾಂತ ಗುರು. 1931ರ ಭೂಕಂಪದಲ್ಲಿ ಗೋಪುರ ಬಿತ್ತು, ಆಮೇಲೆ ಮತ್ತೆ ಕಟ್ಟಿದರು.

ಹಲಿದ್ಜೋರ್ ಹಳ್ಳಿಯಿಂದ ಮಠಕ್ಕೆ ರೋಪ್‌ವೇ ಇದೆ. ಶುರುವಾದದ್ದು 2010ರ ಅಕ್ಟೋಬರ್ 16ರಂದು. ಉದ್ದ 5,752 ಮೀಟರ್, ನಡುವೆ ಎಲ್ಲೂ ನಿಲ್ಲದೆ ಹೋಗುತ್ತದೆ. ಗಿನ್ನಿಸ್ ದಾಖಲೆ ಪುಸ್ತಕದಲ್ಲೂ ಸೇರಿತು. ಹನ್ನೆರಡು ನಿಮಿಷದ ಸುಮಾರಿಗೆ ಆಚೆ ಬದಿ. ಎತ್ತರಕ್ಕೆ ಹೆದರುವವರಿಗೆ ಕಣಿವೆಗೆ ಇಳಿದು ಹತ್ತುವ ರಸ್ತೆಯೂ ಇದೆ. ಆ ತಿರುವುಗಳನ್ನು ನೋಡಿದರೆ ರೋಪ್‌ವೇನೇ ವಾಸಿ ಅನ್ನಿಸಬಹುದು. ಕೆಳಗಡೆ ಸೈತಾನನ ಸೇತುವೆ ಅನ್ನುವ ನೈಸರ್ಗಿಕ ಕಲ್ಲುಸೇತುವೆ ಮತ್ತು ಬೆಚ್ಚನೆ ನೀರಿನ ಬುಗ್ಗೆಗಳಿವೆ. ಆ ಕಾರಣಕ್ಕೆ ರಸ್ತೆಯೂ ಬಿಡುವಂಥದ್ದಲ್ಲ.

ಖ್ನ್‌ಜೋರೆಸ್ಕ್ ನೋಡಲೇಬೇಕಾ? ಗೋರಿಸ್‌ನಲ್ಲಿ ಗುಹೆ ನೋಡಿದರೆ ಸಾಕಲ್ವಾ?

ಸಾಕಾಗಲ್ಲ. ಅಲ್ಲಿ ಒಂದು ಕಣಿವೆಯ ಎರಡೂ ಬದಿ ಗುಹೆಮನೆಗಳ ಇಡೀ ಹಳ್ಳಿಯೇ ಇದೆ. ಜನ 1950ರ ದಶಕದವರೆಗೂ ಅಲ್ಲೇ ಇದ್ದರು. ಆಮೇಲೆ ಮೇಲಿನ ಬಯಲಿನ ಹೊಸ ಊರಿಗೆ ಹೋದರು. ಹೊಸ ಊರಿನ ಮುದುಕರಲ್ಲಿ ಗುಹೆಮನೆಯಲ್ಲಿ ಹುಟ್ಟಿದವರಿದ್ದಾರೆ ಅಂದರೆ ಆಶ್ಚರ್ಯಪಡಬೇಡಿ. ತಳದಲ್ಲಿ 1665ರ ಸಂತ ಹ್ರಿಪ್ಸಿಮೆ ಚರ್ಚು ಇದೆ. 18ನೇ ಶತಮಾನದಲ್ಲಿ ಸ್ಯೂನಿಕ್‌ನ ಅರ್ಮೇನಿಯನ್ನರ ನಾಯಕ ದಾವಿತ್ ಬೆಕ್ ಜೊತೆ ಹೋರಾಡಿ, ಅವನ ನಂತರ ದಂಡು ನಡೆಸಿದ ಮ್ಖಿತಾರ್ ಸ್ಪರಪೆತ್‌ನ ಸಮಾಧಿಯೂ ಇಲ್ಲೇ. 2012ರಲ್ಲಿ ಕಟ್ಟಿದ 160 ಮೀಟರ್ ಉದ್ದದ ತೂಗುಸೇತುವೆ ದಾಟಿ ಹೋಗಬೇಕು. ಹೋಗುವಾಗ ಇಳಿಜಾರು, ಬರುವಾಗ ಏರು. ನೀರು ಒಯ್ಯಿರಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ. ಗೋರಿಸ್ ಹೆಸರಾಗಿರುವುದೇ ಹುರುಳಿಕಾಯಿ ಬೀಜಕ್ಕೆ. ಅಲ್ಲಿ ಅದನ್ನು ಲೋಬಿ ಅನ್ನುತ್ತಾರೆ. ಸಂತೆಯಲ್ಲಿ ಬಿಳಿ, ಕೆಂಪು, ಚುಕ್ಕಿ ಚುಕ್ಕಿಯದು, ಹೀಗೆ ಬಗೆಬಗೆ. ಬೇಯಿಸಿ, ಈರುಳ್ಳಿ, ಬೆಣ್ಣೆ ಹಾಕಿ ಮಾಡುವುದೇ ಒಂದು ಊಟ.

ಝಿಂಗ್ಯಾಲೊವ್ ಹಾತ್ಸ್ ಕೇಳಿ ತಿನ್ನಿ. ಹಾತ್ಸ್ ಅಂದರೆ ರೊಟ್ಟಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಹತ್ತಕ್ಕೂ ಮೇಲ್ಪಟ್ಟು ಬಗೆಯ ಸೊಪ್ಪು ಹೆಚ್ಚಿ ತುಂಬಿ, ಹೆಂಚಿನ ಮೇಲೆ ಸುಡುತ್ತಾರೆ. ಕರಬಾಖ್ ಮತ್ತು ಸ್ಯೂನಿಕ್‌ನ ತಿಂಡಿ ಇದು. ಜೊತೆಗೆ ತಾನ್ ಅನ್ನುವ ಉಪ್ಪು ಮಜ್ಜಿಗೆ. ಉಪವಾಸದ ದಿನಗಳಲ್ಲಿ ಮಾಡುವ ಪಾಸುತ್ಸ್ ತೊಲ್ಮಾ ಕೂಡ ಇದೆ: ಎಲೆಕೋಸಿನ ಎಲೆಯಲ್ಲಿ ಕಾಳುಗಳನ್ನು ಸುತ್ತಿ ಬೇಯಿಸಿದ್ದು. ಸಾರು ಕುಡಿಯುವ ಮೊದಲು ಮಾತ್ರ ಮಾಂಸ ಇದೆಯಾ ಅಂತ ಕೇಳಿ. ಹಿಪ್ಪುನೇರಳೆ ಹಣ್ಣಿನಿಂದ ಇಳಿಸುವ ಓಘಿ ಅನ್ನುವ ಮದ್ಯ ಕುಡಿಯದವರಿಗೂ ಕೊಡುವುದಕ್ಕೆ ಬರುತ್ತಾರೆ. ಲೋಟ ಸಣ್ಣದು, ಸರಕು ಖಡಕ್.

ಯಾವಾಗ ಹೋಗಬೇಕು? ಹೇಗೆ ಹೋಗಬೇಕು?

ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಗೋರಿಸ್‌ಗೆ ರೈಲಿಲ್ಲ. ಯೆರೆವಾನ್‌ನಿಂದ ಮಿನಿಬಸ್ಸು, ಅದಕ್ಕೆ ಅಲ್ಲಿ ಮರ್ಶ್ರುತ್ಕಾ ಅನ್ನುತ್ತಾರೆ. ಇಲ್ಲವಾದರೆ ಶೇರ್ ಟ್ಯಾಕ್ಸಿ. ನಾಲ್ಕರಿಂದ ಐದು ಗಂಟೆ. ಮೊದಲು ಬಲಗಡೆ ಅರಾರಾತ್ ಪರ್ವತ, ಆಮೇಲೆ ದ್ರಾಕ್ಷಿತೋಟದ ಅರೆನಿ, ಆಮೇಲೆ ಏರು. 2,344 ಮೀಟರ್ ಎತ್ತರದ ವೊರೊತಾನ್ ಘಾಟಿ ದಾಟಿದರೆ ಸ್ಯೂನಿಕ್ ಶುರು. ಅಲ್ಲಿಂದ ಮುಂದೆ ಮರವಿಲ್ಲದ ಎತ್ತರದ ಬಯಲು. ಬೇಸಿಗೆಯಲ್ಲೂ ಗಾಳಿ ಚಳಿ ಹಿಡಿಸುತ್ತದೆ, ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹಿಮಗಾಲದಲ್ಲಿ ಈ ತುಂಡು ಆಗಾಗ ಮುಚ್ಚುತ್ತದೆ, ಹೊರಡುವ ಮುಂಚೆ ಡ್ರೈವರ್‌ನ್ನು ಕೇಳಿ. ಬಯಲು ಮುಗಿಯುವ ಕಡೆ ರಸ್ತೆ ತಿರುಗಿ ತಿರುಗಿ ಕೆಳಗಿಳಿಯುತ್ತದೆ. ಆಗ ಫೋನು ಕೆಳಗಿಟ್ಟು ಕಿಟಕಿಯಾಚೆ ನೋಡಿ. ಬಟ್ಟಲಿನ ತಳದಲ್ಲಿ ನೇರ ಬೀದಿಗಳು, ಆಚೆ ದಂಡೆಯಲ್ಲಿ ಕಂಬಗಳು.